ಮೇಣದ ನೆಂಟರು

ಬಾಳೆಹಣ್ಣು ತಿಂದರೆ ಬಾಯಿ ಕೆರೆಯುತ್ತೆ ಎಂದು ತಂಗಿ ಮೊದಲ ಸಲ ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಕೆಸುವಿನ ಸೊಪ್ಪು ಕೆರೆಯುತ್ತೆ ಅಂದರೆ ಸರಿ, ಸುವರ್ಣಗಡ್ಡೆ ಅಂದರೂ ಸರಿ. ಬಾಳೆಹಣ್ಣಾ? ಹಲ್ಲು ಬರದ ಕೂಸಿಗೆ ಕಿವುಚಿ ತಿನ್ನಿಸುವ ಹಣ್ಣು, ಹಲ್ಲು ಉದುರಿದ ಅಜ್ಜನಿಗೆ ಸುಲಿದು ಕೊಡುವ ಹಣ್ಣು, ದೇವರ ಮುಂದೆ ದಿನಾ ಇಡುವ ಹಣ್ಣು. "ಶಿವಮೊಗ್ಗಕ್ಕೆ ಹೋದ ಮೇಲೆ ನಿಂದು ಜಾಸ್ತಿ ಆಯ್ತು ಮಾರಾಯ್ತಿ" ಎಂದು ಅವಳನ್ನು ರೇಗಿಸಿದವನು ನಾನೇ.

ಅವಳು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನರ್ಸು. ನಮ್ಮ ಮನೆ ತೀರ್ಥಹಳ್ಳಿ ದಾಟಿ ಒಳಗೆ, ಎರಡು ಎಕರೆ ಅಡಿಕೆ ತೋಟ, ಅಡಿಕೆ ಮರಗಳ ನಡುವೆ ಬಾಳೆ. ಅಟ್ಟದಲ್ಲಿ ಯಾವತ್ತೂ ಒಂದು ಪುಟ್ಟಬಾಳೆ ಗೊನೆ ನೇತಾಡುತ್ತಿರುತ್ತದೆ. ಚಿಕ್ಕವಳಿದ್ದಾಗ ಅವಳು ಶಾಲೆಯಿಂದ ಬಂದವಳೇ ಏಣಿ ಹತ್ತಿ ನಾಲ್ಕೈದು ಹಣ್ಣು ಮುಗಿಸುತ್ತಿದ್ದವಳು. ಅದಕ್ಕೇ ನಮಗೆ ನಂಬಿಕೆ ಬರಲಿಲ್ಲ. ಇಪ್ಪತ್ತೈದು ವರ್ಷ ತಿಂದದ್ದು ಇಪ್ಪತ್ತಾರನೇ ವರ್ಷಕ್ಕೆ ಆಗುವುದಿಲ್ಲ ಅಂದರೆ ಅದು ನಾಟಕ ಅಲ್ಲದೆ ಇನ್ನೇನು?

ಹೊಸನಗರದ ಕಡೆ ದೊಡ್ಡಮ್ಮನ ಮನೆ. ಅಲ್ಲಿ ಹೊಸ ಮನೆಯ ಗೃಹಪ್ರವೇಶದ ಊಟಕ್ಕೆ ರಸಾಯನ ಮಾಡಿದ್ದರು. ಬಾಳೆಹಣ್ಣು ಹೆಚ್ಚಿ ಹಾಕಿ, ಕಾಯಿಹಾಲು, ಬೆಲ್ಲ, ಏಲಕ್ಕಿ, ಮೇಲೊಂದಿಷ್ಟು ಎಳ್ಳು. ತಂಗಿ ಎಲೆಗೆ ಕೈ ಅಡ್ಡ ಹಿಡಿದಳು. ಬಡಿಸುವವರು ಬಿಡುತ್ತಾರಾ? ಮಲೆನಾಡಿನ ಊಟದ ಪಂಕ್ತಿಯಲ್ಲಿ ಬೇಡ ಅನ್ನುವ ಮಾತಿಗೆ ಸ್ವಲ್ಪ ಹಾಕಿ ಅನ್ನುವ ಅರ್ಥವೇ ಇರುವುದು. "ಒಂದು ಸೌಟಿಗೆ ಎಂತದೂ ಆಗಲ್ಲ, ತಿನ್ನು" ಎಂದು ದೊಡ್ಡಮ್ಮನೇ ಬಂದು ಬಡಿಸಿದರು. ಅವಳು ನನ್ನ ಮುಖ ನೋಡಿದಳು. ನಾನು ಮಜ್ಜಿಗೆ ಅನ್ನ ಕಲೆಸುತ್ತಿದ್ದೆ.

ಕೈ ತೊಳೆಯುವ ಹೊತ್ತಿಗೆ "ಅಣ್ಣಾ, ಕಿವಿಯ ಒಳಗೆ ಕೆರೀತಿದೆ" ಅಂದಳು. ನಾಲಿಗೆ, ಅಂಗುಳ, ಆಮೇಲೆ ಅಂಗೈ. ಕತ್ತಿನ ಮೇಲೆ ಎಂಟಾಣೆ ಅಗಲದ ದದ್ದುಗಳು ಎದ್ದವು. ಪಿತ್ತಗಂಧೆ ಎಂದು ಅಮ್ಮ ಮುರುಗಲು ಸಿಪ್ಪೆ ಕಿವುಚಿ ಹಚ್ಚಿದಳು. ಒಂದು ಲೋಟ ಕುಡಿಸಿಯೂ ಆಯಿತು. ಕೆಳತುಟಿ ಊದಿ ಒಂದು ಕಡೆಗೆ ಜೋತುಬಿತ್ತು. ನಾವಿನ್ನೂ ಕಂಬಳಿ ಹೊದೆಸಿ ಮಲಗಿಸುವ ಮಾತಾಡುತ್ತಿದ್ದೆವು, ಅಷ್ಟರಲ್ಲಿ ಅವಳ ದನಿ ಬದಲಾಯಿತು. ನೆಗಡಿಯ ದನಿಯಲ್ಲ. ಗಂಟಲನ್ನು ಯಾರೋ ಒಳಗಿನಿಂದ ಹಿಂಡಿದ ಹಾಗೆ. ಅವಳೇ, ಆ ಸ್ಥಿತಿಯಲ್ಲೂ, ನರ್ಸಿನ ಗತ್ತಿನಲ್ಲಿ "ಕಾರು ತೆಗಿ" ಅಂದಳು. ಪೇಟೆಯ ಡಾಕ್ಟರು ತೊಡೆಗೆ ಅಡ್ರಿನಲಿನ್ ಚುಚ್ಚಿ ಹತ್ತು ನಿಮಿಷದ ಮೇಲೆ ಅವಳ ದನಿ ವಾಪಸು ಬಂತು. ನನ್ನ ದನಿ ಬರಲು ಇನ್ನೂ ಹೊತ್ತು ಹಿಡಿಯಿತು.

ಮನೆಗೆ ಬಂದ ಮೇಲೆ ಅಮ್ಮನ ತೀರ್ಪು ಒಂದೇ ಶಬ್ದದಲ್ಲಿ ಮುಗಿಯಿತು: ನಂಜು.

ಈ ನಂಜು ಅನ್ನುವ ಶಬ್ದದ ಹೊಟ್ಟೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಆಮೇಲಿನ ತಿಂಗಳುಗಳಲ್ಲಿ. ಗಾಯ ಮಾಗದಿದ್ದರೆ ನಂಜು, ಬದನೆಕಾಯಿ ನಂಜು, ಹಲಸಿನ ಹಣ್ಣು ಹೆಚ್ಚಾದರೆ ನಂಜು, ಮುಖ ಊದಿದರೆ ನಂಜು. ಅಜ್ಜಿಯ ಕಾಲದವರು ಸುಮ್ಮನೆ ಹೇಳಿದ್ದಲ್ಲ. ತಿಂದದ್ದಕ್ಕೂ ಮೈಗೂ ಸಂಬಂಧ ಇದೆ ಎಂದು ಕಣ್ಣಾರೆ ಕಂಡೇ ಹೇಳಿದ್ದು. ಆದರೆ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬಿಬಿಟ್ಟರು. ನಾವು ಆ ಚೀಲ ಬಿಚ್ಚಿ ನೋಡದೆ ಇದ್ದದ್ದರಿಂದಲೇ ತಂಗಿ ಆ ದಿನ ರಸಾಯನ ತಿಂದಳು.

ಬಿಚ್ಚಿ ನೋಡಿದರೆ ಒಳಗೆ ಬೇರೆ ಬೇರೆ ಸಾಮಾನು ಇವೆ. ಕೆಸು ಕೆರೆಯುವುದು ಅದರೊಳಗಿನ ಸೂಜಿಯಂಥ ಹರಳುಗಳಿಂದ. ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಅದು ನನಗೂ ಚುಚ್ಚುತ್ತದೆ, ನಿಮಗೂ ಚುಚ್ಚುತ್ತದೆ. ಪತ್ರೊಡೆಗೆ ಹುಣಿಸೆಹಣ್ಣು ಧಾರಾಳ ಹಾಕುವುದು ಅದಕ್ಕೇ. ಅನಾನಸು ಹೆಚ್ಚು ತಿಂದರೆ ನಾಲಿಗೆ ಉರಿಯುವುದಕ್ಕೆ ಬ್ರೊಮೆಲೈನ್ ಎಂಬ ಕಿಣ್ವದ ಕೈವಾಡವೂ ಇದೆ. ಅದು ಪ್ರೋಟೀನನ್ನು ಕರಗಿಸುವ ಜಾತಿಯದು, ನಾಲಿಗೆಯ ಮೇಲ್ಪದರವನ್ನೂ ಬಿಡುವುದಿಲ್ಲ. ಇವೆರಡೂ ಅಲರ್ಜಿಯಲ್ಲ.

ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಕಾಡಿನ ಹೊಳಗೇರು ಮರದ ಕಪ್ಪು ರಸ, ಇವುಗಳದು ಇನ್ನೊಂದು ಕಥೆ. ಸುಟ್ಟ ಗೇರುಬೀಜ ಹಲ್ಲಿನಲ್ಲಿ ಕಚ್ಚಿ ತುಟಿ ಸುಟ್ಟುಕೊಳ್ಳದ ಮಲೆನಾಡಿನ ಮಕ್ಕಳು ಕಡಿಮೆ. ಈ ಮೂರೂ ಮರಗಳು ಒಂದೇ ಕುಟುಂಬದವು. ಅವುಗಳ ರಸದಲ್ಲಿರುವ ಎಣ್ಣೆಯಂಥ ವಸ್ತುಗಳು ಚರ್ಮಕ್ಕೆ ತಗುಲಿದರೆ ಒಗ್ಗದವರಿಗೆ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತವೆ. ಇದು ಅಲರ್ಜಿಯೇ ಹೌದು, ಆದರೆ ನಿಧಾನದ್ದು, ಚರ್ಮದ್ದು. ಇದನ್ನು ಮಾಡುವುದು ಪ್ರೋಟೀನ್ ಅಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಪರಿಮಳ ಇರುವುದೇ ಸೊನೆಯಲ್ಲಿ ಎಂದು ದೊಡ್ಡಮ್ಮ ತೊಟ್ಟು ಬಿಡದ ಮಿಡಿಯನ್ನೇ ಆರಿಸುತ್ತಾರೆ, ಪ್ರತಿ ವರ್ಷ ಬೆರಳ ಸಂದಿ ಸುಲಿಸಿಕೊಳ್ಳುತ್ತಾರೆ. ಅದರ ಬಗ್ಗೆ ಅವರ ದೂರೇನೂ ಇಲ್ಲ.

ತಂಗಿಯದು ಇದ್ಯಾವುದೂ ಅಲ್ಲ. ಹತ್ತು ನಿಮಿಷದೊಳಗೆ ಬಂದದ್ದು, ಒಂದು ಸೌಟಿಗೆ ಬಂದದ್ದು, ಪಂಕ್ತಿಯಲ್ಲಿ ಕೂತ ನೂರಾರು ಜನರಲ್ಲಿ ಅವಳೊಬ್ಬಳಿಗೇ ಬಂದದ್ದು.

ಅಲರ್ಜಿ ಎಂಬ ಶಬ್ದವನ್ನು ವಿಯೆನ್ನಾದ ಮಕ್ಕಳ ಡಾಕ್ಟರು ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟಿಸಿದ್ದು 1906ರಲ್ಲಿ. ಆದರೆ ಮೈಯೊಳಗೆ ಏನು ನಡೆಯುತ್ತಿದೆ ಎಂಬುದಕ್ಕೆ ನನಗೆ ತುಂಬ ಹಿಡಿಸಿದ್ದು 1921ರ ಒಂದು ಪ್ರಯೋಗ. ಹೈನ್ಸ್ ಕ್ಯುಸ್ಟ್ನರ್ ಎಂಬ ಡಾಕ್ಟರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಜೊತೆಯವರಾದ ಕಾರ್ಲ್ ಪ್ರೌಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರೆ ಅಲ್ಲಿ ದದ್ದು ಎದ್ದಿತು. ಅಂದರೆ ಮೀನನ್ನು ಗುರುತು ಹಿಡಿಯುವ ಏನೋ ಒಂದು ರಕ್ತದಲ್ಲೇ ಓಡಾಡುತ್ತಿದೆ. ಅದು ಏನೆಂದು ಗೊತ್ತಾಗಲು ಮತ್ತೆ ನಾಲ್ಕೂವರೆ ದಶಕ ಬೇಕಾಯಿತು. ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿ ಒಂದು ಕಡೆ, ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಇನ್ನೊಂದು ಕಡೆ ಅದನ್ನು ಹುಡುಕಿದರು. 1968ರಲ್ಲಿ ಅದಕ್ಕೆ ಐಜಿಇ ಎಂದು ಹೆಸರಾಯಿತು. ಚರ್ಮದಲ್ಲಿ, ಬಾಯಲ್ಲಿ, ಶ್ವಾಸನಾಳದಲ್ಲಿ ಕಾದು ಕೂತಿರುವ ಮಾಸ್ಟ್ ಕೋಶಗಳ ಮೈಗೆ ಈ ಐಜಿಇ ಅಂಟಿಕೊಂಡಿರುತ್ತದೆ. ತಾನು ಬಲ್ಲ ಪ್ರೋಟೀನು ಬಂದು ತಗುಲಿದ ಕೂಡಲೇ ಕೋಶ ಹಿಸ್ಟಮಿನ್ ಉಗುಳುತ್ತದೆ. ಕೆರೆತ, ದದ್ದು, ಊತ ಎಲ್ಲ ಅಲ್ಲಿಂದ ಶುರು.

ತಾನು ಬಲ್ಲ ಪ್ರೋಟೀನು ಅಂದೆ. ನಮ್ಮ ಪ್ರಶ್ನೆಯೂ ಅದೇ ಆಗಿತ್ತು. ಬಾಳೆಹಣ್ಣನ್ನು ಅವಳ ಮೈ ಹಗೆ ಎಂದು ಗುರುತು ಮಾಡಿಕೊಂಡದ್ದು ಯಾವಾಗ?

ಅಲರ್ಜಿ ಡಾಕ್ಟರು ಬಾಳೆಹಣ್ಣಿನ ಬಗ್ಗೆ ಕೇಳಲೇ ಇಲ್ಲವಂತೆ. ಎದುರಿಗೆ ಕೂತವಳ ಕೈ ನೋಡಿ, "ಗ್ಲೌಸ್ ಹಾಕಿದರೆ ಏನಾಗುತ್ತೆ?" ಎಂದು ಕೇಳಿದರಂತೆ.

ವರ್ಷಗಟ್ಟಲೆ ಅವಳು ದಿನಕ್ಕೆ ಇಪ್ಪತ್ತು, ಮೂವತ್ತು ಜೊತೆ ಗ್ಲೌಸ್ ಹಾಕಿ ತೆಗೆದಿದ್ದಾಳೆ. ಹಾಲುಬಣ್ಣದ ರಬ್ಬರಿನ ಗ್ಲೌಸು, ಸುಲಭವಾಗಿ ಕೈ ತೂರಲಿ ಎಂದು ಒಳಗೆ ಜೋಳದ ಪಿಷ್ಟದ ಪುಡಿ. ಕೈ ಕೆರೆಯುತ್ತಿತ್ತು, ಸೋಪಿನಿಂದ ಎಂದುಕೊಂಡಳು. ಪೆಟ್ಟಿಗೆ ಒಡೆದಾಗ ಸೀನು ಬರುತ್ತಿತ್ತು, ಪುಡಿಯಿಂದ ಎಂದುಕೊಂಡಳು. ಅರ್ಧ ಸರಿಯೇ. ರಬ್ಬರ್ ಹಾಲಿನ ಪ್ರೋಟೀನು ಆ ಪುಡಿಗೆ ಅಂಟಿಕೊಂಡು ಗಾಳಿಗೆ ಏರುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. 1980ರ ದಶಕದಲ್ಲಿ ಏಡ್ಸ್ ಭಯಕ್ಕೆ ಜಗತ್ತಿನ ಆಸ್ಪತ್ರೆಗಳೆಲ್ಲ ಗ್ಲೌಸಿಗೆ ಮುಗಿಬಿದ್ದವು. ಅದರ ಬೆನ್ನಿಗೇ ಡಾಕ್ಟರು, ನರ್ಸುಗಳಲ್ಲಿ ಲೇಟೆಕ್ಸ್, ಅಂದರೆ ಈ ರಬ್ಬರ್ ಹಾಲಿನ ಅಲರ್ಜಿ ಕಾಣಿಸಿಕೊಂಡಿತು. ಪುಡಿ ಹಾಕಿದ ಗ್ಲೌಸನ್ನು ಅಮೆರಿಕ ನಿಷೇಧಿಸಿದ್ದು 2017ರ ಜನವರಿಯಿಂದ. ತಂಗಿ ತನ್ನ ಆಸ್ಪತ್ರೆಯಲ್ಲಿ ರಬ್ಬರ್ ಹಾಲಿಲ್ಲದ ನೈಟ್ರೈಲ್ ಗ್ಲೌಸ್ ಕೊಡಿ ಎಂದು ಕೇಳಿದಾಗ "ಎಲ್ಲರಿಗೂ ಆಗುವುದು ನಿಮಗೆ ಯಾಕೆ ಆಗಲ್ಲ?" ಎಂದು ಉತ್ತರ ಬಂತು. ಅವರನ್ನು ಬೈಯುವ ಬಾಯಿ ನನಗಿಲ್ಲ. ನಾನೂ ಅದನ್ನೇ ಹೇಳಿದವನು.

ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಮನೆಯಿಂದಲೇ ಹಣ್ಣು ತರಲು ಹೇಳಿದ್ದರು. ಸೀಸೆಯಲ್ಲಿ ಬರುವ ಹಣ್ಣಿನ ಸಾರದಲ್ಲಿ ಕೆಲವು ಪ್ರೋಟೀನು ಕೆಟ್ಟುಹೋಗಿರುತ್ತವೆಯಂತೆ, ತಾಜಾ ಹಣ್ಣೇ ಆಗಬೇಕು. ಅಟ್ಟದ ಪುಟ್ಟಬಾಳೆ, ಒಂದು ಬೆಣ್ಣೆಹಣ್ಣು, ಪಪ್ಪಾಯಿ ಹೋಳು, ಬಕ್ಕೆ ಹಲಸಿನ ಎರಡು ತೊಳೆ, ಎಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಅಮ್ಮ ನೆಂಟರ ಮನೆಗೆ ಕಳಿಸುವ ಹಾಗೆ ಕಟ್ಟಿಕೊಟ್ಟಳು. ಡಾಕ್ಟರು ಸಣ್ಣ ಮೊನೆಯಿಂದ ಹಣ್ಣನ್ನು ಚುಚ್ಚಿ, ಅದೇ ಮೊನೆಯಿಂದ ತಂಗಿಯ ಮುಂಗೈ ಚುಚ್ಚಿದರು. ಪ್ರತಿ ಹಣ್ಣಿಗೆ ಹೊಸ ಮೊನೆ. ಪಕ್ಕದಲ್ಲಿ ಪೆನ್ನಿನಲ್ಲಿ ಅಕ್ಷರ. ಹೋಲಿಸಿ ನೋಡಲು ಹಿಸ್ಟಮಿನ್ನಿನದೊಂದು, ಉಪ್ಪುನೀರಿನದೊಂದು, ಲೇಟೆಕ್ಸಿನದೊಂದು. ಆಮೇಲೆ ಹದಿನೈದು ನಿಮಿಷ ಸುಮ್ಮನೆ ಕೂರುವುದು. ಮೊದಲು ಲೇಟೆಕ್ಸ್ ಹತ್ತಿರ ಸೊಳ್ಳೆ ಕಚ್ಚಿದ ಹಾಗೆ ಒಂದು ಬಿಳಿ ಉಬ್ಬು, ಸುತ್ತ ಕೆಂಪು. ಬಾಳೆ ಎದ್ದಿತು. ಬೆಣ್ಣೆಹಣ್ಣು ಎದ್ದಿತು. ಪಪ್ಪಾಯಿ ಇಲ್ಲ. ಹಲಸು ಇಲ್ಲ. ಉಬ್ಬು 3 ಮಿಲಿಮೀಟರಿಗೆ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ. ಹಲಸಿನ ಜಾಗದಲ್ಲಿ ಚುಚ್ಚಿದ ಗುರುತು ಬಿಟ್ಟರೆ ಏನೂ ಇರಲಿಲ್ಲ.

ನನಗೆ ಅತೀವ ಆಶ್ಚರ್ಯ ಆದದ್ದು ಇದೇ. ರಬ್ಬರ್ ಹಾಲು ಆಗುವುದಿಲ್ಲ ಅಂದರೆ ಮೊದಲು ಬೀಳಬೇಕಾದದ್ದು ಹಲಸು ತಾನೇ? ಮೇಣ ಅಂದರೆ ಹಲಸು, ಹಲಸು ಅಂದರೆ ಮೇಣ. ಕೈಗೆ ಎಣ್ಣೆ ಹಚ್ಚದೆ ಮುಟ್ಟಿದರೆ ಸಂಜೆವರೆಗೂ ಬೆರಳು ಬಿಡುವುದಿಲ್ಲ. ಡಾಕ್ಟರು ನಕ್ಕರು. ಕೆಲವರಿಗೆ ಹಲಸೂ ಆಗುವುದಿಲ್ಲವಂತೆ, ಆದರೆ ಅಂಟು ನೋಡಿ ಅದನ್ನು ಹೇಳಲು ಬರುವುದಿಲ್ಲ. ಮೈ ಗುರುತು ಹಿಡಿಯುವುದು ಅಂಟನ್ನಲ್ಲ, ಪ್ರೋಟೀನಿನ ಮಡಿಕೆಯ ಆಕಾರವನ್ನು. ಮುಖ ನೋಡಿ ನೆಂಟರೆಂದು ಹೇಳುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ.

ರಬ್ಬರ್ ಹಾಲಿನಲ್ಲಿ ಹೆವೀನ್ ಎಂಬ ಪುಟ್ಟ ಪ್ರೋಟೀನು ಇದೆ. 43 ಅಮೈನೊ ಆಮ್ಲಗಳ ಸರ, ಅಷ್ಟೇ. ಅದರ ಕೆಲಸ ಕೈಟಿನ್ ಎಂಬ ವಸ್ತುವನ್ನು ಹಿಡಿದುಕೊಳ್ಳುವುದು. ಶಿಲೀಂಧ್ರಗಳ ಗೋಡೆ, ಹುಳುಗಳ ಚಿಪ್ಪು ಕೈಟಿನ್ನಿನದೇ ಆದ್ದರಿಂದ ಮರಕ್ಕೆ ಇದೊಂದು ಆಯುಧ. ಬಾಳೆಹಣ್ಣು, ಬೆಣ್ಣೆಹಣ್ಣುಗಳಲ್ಲಿ ಕೈಟಿನೇಸ್ ಎಂಬ ಕಿಣ್ವ ಇದೆ. ಅದು ಇದೇ ಕೈಟಿನ್ನನ್ನು ಕತ್ತರಿಸುತ್ತದೆ. ಕತ್ತರಿಸುವ ಮೊದಲು ಹಿಡಿದುಕೊಳ್ಳಲು ಅದಕ್ಕೆ ಮುಂದೊಂದು ಹಿಡಿಕೆ. ಆ ಹಿಡಿಕೆ ಹೆಚ್ಚುಕಮ್ಮಿ ಹೆವೀನಿನ ಪಡಿಯಚ್ಚು. ರಬ್ಬರು, ಬಾಳೆ, ಬೆಣ್ಣೆಹಣ್ಣು ಮೂರೂ ಬೇರೆ ಬೇರೆ ಕುಟುಂಬದ ಗಿಡಗಳು, ಒಂದಕ್ಕೊಂದು ಹೆಣ್ಣು ಕೊಟ್ಟು ತಂದವಲ್ಲ. ಆದರೆ ಶತ್ರು ಒಂದೇ ಆದ್ದರಿಂದ ಕತ್ತಿಯ ಹಿಡಿಯೂ ಒಂದೇ ಥರ ಉಳಿದುಕೊಂಡಿದೆ. ಆಸ್ಪತ್ರೆಯಲ್ಲಿ ಗ್ಲೌಸಿನ ಹೆವೀನನ್ನು ಹಗೆ ಎಂದು ಕಲಿತ ತಂಗಿಯ ಮೈ, ಊರಿಗೆ ಬಂದು ಅಟ್ಟದ ಗೊನೆಯಲ್ಲಿ ಅದೇ ಹಿಡಿಯನ್ನು ಕಂಡು ಬೆಚ್ಚಿತು.

ಇಲ್ಲೊಂದು ಅಡ್ಡಮಾತು, ತೋಟದವನ ಕುತೂಹಲ. ಇಷ್ಟೆಲ್ಲ ಆಯುಧ ಗಿಡಗಳಲ್ಲಿದ್ದೂ ನಮ್ಮ ಅಡಿಕೆಗೆ ಕೊಳೆರೋಗ ಯಾಕೆ ಬರುತ್ತದೆ? ಕೊಳೆ ತರುವ ಫೈಟೊಫ್ತೊರ ಎಂಬ ಸೂಕ್ಷ್ಮಜೀವಿ ನೋಡಲು ಬೂಸ್ಟಿನ ಹಾಗಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅದರ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಕೈಟಿನ್ ಅಲ್ಲ, ಸೆಲ್ಯುಲೋಸು ಮತ್ತು ಅದರ ಬಳಗ. ಕೈಟಿನ್ ಕತ್ತರಿಸುವ ಕತ್ತಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹಾಗಾಗಿ ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಕೊನೆಗೌಡರನ್ನು ಮರ ಹತ್ತಿಸುವ ಕೆಲಸ ನಮಗೇ ಬಂದಿದೆ.

ಗ್ಲೌಸು ಮತ್ತು ಹಣ್ಣಿನ ಈ ನಂಟಿಗೆ ಲೇಟೆಕ್ಸ್-ಹಣ್ಣು ಸಿಂಡ್ರೋಮ್ ಎಂದು ಹೆಸರು. 1994ರಲ್ಲಿ ಸ್ಪೇನಿನ ಕಾರ್ಲೋಸ್ ಬ್ಲಾಂಕೊ ಮತ್ತು ಸಂಗಡಿಗರು ಇದನ್ನು ವಿವರವಾಗಿ ಬರೆದರು. ಲೇಟೆಕ್ಸ್ ಆಗದವರಲ್ಲಿ ಸುಮಾರು 30ರಿಂದ 50 ಶೇಕಡಾ ಜನರಿಗೆ ಯಾವುದಾದರೂ ಹಣ್ಣೋ ಕಾಯಿಯೋ ತೊಂದರೆ ಕೊಡುತ್ತದೆ: ಬಾಳೆ, ಬೆಣ್ಣೆಹಣ್ಣು, ಕಿವಿ, ಚೆಸ್ಟ್‌ನಟ್. ಉಳಿದವರಿಗೆ ಏನೂ ಇಲ್ಲ. ರಕ್ತದಲ್ಲಿ ಐಜಿಇ ಇದ್ದ ಮಾತ್ರಕ್ಕೆ ತಿಂದಾಗ ತೊಂದರೆ ಆಗಲೇಬೇಕೆಂದೂ ಇಲ್ಲ. ಕಾಗದದಲ್ಲಿ ಬಂದದ್ದಕ್ಕೆಲ್ಲ ಹೆದರಿ ಹತ್ತು ಹಣ್ಣು ಬಿಟ್ಟು ಕೂತವರನ್ನೂ ನೋಡಿದ್ದೇನೆ, ಅದು ಇನ್ನೊಂದು ಥರದ ಅನ್ಯಾಯ.

ಇನ್ನೊಂದು ಗಂಟು ಬಿಚ್ಚಿಕೊಂಡದ್ದು ಅಮ್ಮನಿಂದ. "ಹಂಗಾದ್ರೆ ಬಾಳೆಕಾಯಿ ಪಲ್ಯ ಹೆಂಗೆ ತಿಂತಾಳೆ? ಸಪಾದ ಭಕ್ಷ್ಯ ತಿಂದ್ಲಲ್ಲ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಇತ್ತು. ಹಣ್ಣಿಗೆ ಎಥಿಲೀನ್ ಅನಿಲ ಸೋಕಿದರೆ ಈ ಕೈಟಿನೇಸುಗಳು ಹೆಚ್ಚುತ್ತವೆ, ಬಿಸಿ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತವೆ. ಎಥಿಲೀನ್ ಅಂದರೆ ಹಣ್ಣು ಹಣ್ಣಾಗುವಾಗ ತಾನೇ ಬಿಡುವ ಅನಿಲ, ಅಟ್ಟದ ಹೊಗೆಯಲ್ಲೂ ಇರುವಂಥದು. ಬೆಂದ ಪಲ್ಯ ಬೇರೆ, ಹಸಿ ರಸಾಯನ ಬೇರೆ. ಅಮ್ಮನಿಗೆ ಈ ಉತ್ತರ ಎಷ್ಟು ಹಿಡಿಸಿತೆಂದರೆ ಆವತ್ತಿನಿಂದ ನಂಜಿಗೂ ಅವಳು ಹಸಿ ನಂಜು, ಬೆಂದ ನಂಜು ಎಂದು ಎರಡು ಮಾಡಿದ್ದಾಳೆ. ಎಲ್ಲ ಹಣ್ಣಿಗೂ ಇದು ನಡೆಯುವುದಿಲ್ಲ ಎಂದು ಹೇಳಿ ಸಾಕಾಗಿದೆ. ಪೀಚ್ ಹಣ್ಣಿನ ಸಿಪ್ಪೆಯ ಒಂದು ಪ್ರೋಟೀನು ಕುದಿಸಿದರೂ ಜಗ್ಗುವುದಿಲ್ಲ. ತಂಗಿಯ ಮಟ್ಟಿಗೂ ಬೆಂದದ್ದು ಯಾವುದು ಸರಿ ಎಂದು ಡಾಕ್ಟರ ಎದುರಿನಲ್ಲೇ ನೋಡಿದ್ದು, ಅಡುಗೆಮನೆಯಲ್ಲಿ ಪ್ರಯೋಗ ಮಾಡಿದ್ದಲ್ಲ.

ಹಲಸು ತಪ್ಪಿಸಿಕೊಂಡಿತು ಎಂದೆನಲ್ಲ, ಅದಕ್ಕೆ ಸಿಕ್ಕಿಬಿದ್ದವನು ನಮ್ಮ ಚಿಕ್ಕಪ್ಪನ ಮಗ. ಅವನು ಸ್ವೀಡನ್ನಿಗೆ ಹೋಗಿ ಎಂಟು ವರ್ಷ. ಅಲ್ಲಿ ವಸಂತದಲ್ಲಿ ಬರ್ಚ್ ಮರದ ಪರಾಗ ಗಾಳಿ ತುಂಬ ಹಾರುತ್ತದೆ. ಹಿಮಾಲಯದ ನಮ್ಮ ಭೂರ್ಜ ಮರದ ಬಳಗವೇ ಅದು. ಮೊದಲೆರಡು ವರ್ಷ ಅವನಿಗೆ ಸೀನು, ಆಮೇಲೆ ಸೇಬು ತಿಂದರೆ ಗಂಟಲು ಕೆರೆತ. ಊರಿಗೆ ಬಂದು ಬಕ್ಕೆ ಹಲಸಿನ ತೊಳೆ ಬಾಯಿಗಿಟ್ಟರೆ ಅದೇ ಕೆರೆತ. ಬರ್ಚ್ ಪರಾಗದ ಬೆಟ್ ವಿ 1 ಎಂಬ ಪ್ರೋಟೀನಿಗೂ ಸೇಬಿನ ಮಾಲ್ ಡಿ 1ಕ್ಕೂ ಹೋಲಿಕೆ ಇದೆ. ಹಲಸಿನಲ್ಲೂ ಅಂಥದೊಂದು ಇದೆ ಎಂದು 2004ರಲ್ಲಿ ವರದಿಯಾಗಿದೆ. ಈ ಹೆಸರಿಡುವ ಕ್ರಮ ನನಗೆ ಮನೆಹೆಸರಿನ ಹಾಗೆ ಕಾಣುತ್ತದೆ: ಗಿಡದ ಲ್ಯಾಟಿನ್ ಹೆಸರಿನ ಮೊದಲ ಮೂರಕ್ಷರ, ಎರಡನೇ ಹೆಸರಿನ ಒಂದಕ್ಷರ, ಆಮೇಲೆ ಸಿಕ್ಕ ಕ್ರಮದಲ್ಲಿ ಅಂಕಿ. ಹೆವಿಯ ಬ್ರೆಸಿಲಿಯೆನ್ಸಿಸ್ ಅಂದರೆ ರಬ್ಬರ್ ಮರ, ಅದರ ಪ್ರೋಟೀನುಗಳು ಹೆವ್ ಬಿ. ಅವನ ಹಲಸು ಬೆಂದರೆ ತೊಂದರೆಯಿಲ್ಲ. ಹಲಸಿನ ಹಣ್ಣಿನ ಕಡುಬು ನಾಲ್ಕು ತಿಂದ, ತೊಳೆ ಮುಟ್ಟಲಿಲ್ಲ. ತೊಳೆ ತಿನ್ನುವ ತಂಗಿ, ಕಡುಬು ತಿನ್ನುವ ಅವನು. ದೊಡ್ಡಮ್ಮ ಇಬ್ಬರನ್ನೂ ನೋಡಿ "ಎಂತ ಕಾಲ ಬಂತನಾ" ಅಂದರು.

ದೊಡ್ಡಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ರಸಾಯನದ ಸೌಟು ಅವರ ಕೈಯಲ್ಲಿತ್ತಲ್ಲ, ಅದನ್ನು ಅವರು ಮರೆತಿಲ್ಲ. ತಂಗಿ ಎಷ್ಟು ಸಲ "ಬಿಡಿ ದೊಡ್ಡಮ್ಮ" ಅಂದರೂ ಅವರ ಮುಖದಲ್ಲಿ ಅದು ಹೋಗಿಲ್ಲ. ಈಗ ಅವರ ಮನೆಯಲ್ಲಿ ತಂಗಿಗೆ ಬೇರೆ ಚಾಕು, ಬೇರೆ ಬಟ್ಟಲು. ಹೆಚ್ಚಾಯಿತು ಅನ್ನಿಸುವಷ್ಟು.

ಈ ಸಲ ಜೂನ್ ಮೊದಲ ವಾರ ಹೋಗಿದ್ದೆವು. ಮಳೆ ಹಿಡಿಯುವ ಮುಂಚೆ ಉಳಿದ ಹಣ್ಣು ಮುಗಿಸಬೇಕು, ನೀರು ಕುಡಿದರೆ ಹಲಸು ಸಪ್ಪೆ. ಜಗಲಿಯ ಮೇಲೆ ಗೋಣಿ ಹಾಸಿ ದೊಡ್ಡಮ್ಮ ಒಂದು ದೊಡ್ಡ ಬಕ್ಕೆ ಹಣ್ಣು ಸೀಳಿದ್ದರು. ತಂಗಿಗೆಂದೇ ಕಾಯ್ದಿಟ್ಟ ಹಣ್ಣು. ತೊಳೆ ಬಿಡಿಸಿ ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಹಳದಿ, ದಪ್ಪ, ಪರಿಮಳ ಗೇಟಿನವರೆಗೆ. "ಬಾ, ಇದು ನಿಂಗೆ ಆಗತ್ತಲ್ಲ, ಡಾಕ್ಟ್ರೇ ಹೇಳಿದಾರಲ್ಲ" ಎಂದು ಕರೆದರು.

ತಂಗಿ ಜಗಲಿಯ ಮೆಟ್ಟಿಲಲ್ಲೇ ನಿಂತಳು. ದೊಡ್ಡಮ್ಮನ ಕೈ ನೋಡುತ್ತಿದ್ದಳು.

"ದೊಡ್ಡಮ್ಮ, ಅದು ಎಂತದ್ರ ಗ್ಲೌಸ್?"

ಮೇಣ ಅಂಟದಿರಲಿ, ಎಣ್ಣೆ ಹಚ್ಚಿದ ಕೈಯಲ್ಲಿ ಬಿಡಿಸಿದರೆ ನರ್ಸಮ್ಮನಿಗೆ ಚೊಕ್ಕಟ ಅನ್ನಿಸಲಿಕ್ಕಿಲ್ಲ ಎಂದು ದೊಡ್ಡಮ್ಮ ಮಗನಿಗೆ ಹೇಳಿ ಪೇಟೆಯಿಂದ ತರಿಸಿದ್ದಂತೆ. ಹಾಲುಬಣ್ಣದ್ದು. ನಾನು ಪೆಟ್ಟಿಗೆ ತಿರುಗಿಸಿ ಓದಿದೆ. ಲೇಟೆಕ್ಸ್, ಪುಡಿ ಸಹಿತ.

ದೊಡ್ಡಮ್ಮ ನನ್ನ ಮುಖ ನೋಡಿದರು, ತಂಗಿಯ ಮುಖ ನೋಡಿದರು. ಯಾರೂ ಏನೂ ಹೇಳಲಿಲ್ಲ. ನಿಧಾನಕ್ಕೆ ಎದ್ದು ಅಂಗಳದ ಆ ತುದಿಗೆ ಹೋಗಿ ಗ್ಲೌಸ್ ಬಿಚ್ಚಿ ಎಸೆದರು, ಬಚ್ಚಲಲ್ಲಿ ಮೊಣಕೈವರೆಗೆ ಎರಡು ಸಲ ಸೋಪು ಹಾಕಿ ತೊಳೆದರು. ಬಿಡಿಸಿದ ತೊಳೆಗಳನ್ನು ಎಲೆ ಸಮೇತ ಕೊಟ್ಟಿಗೆಗೆ ಕೊಂಡೊಯ್ಯಲು ನನಗೆ ಹೇಳಿದರು. ಆಮೇಲೆ ಒಳಗಿನಿಂದ ಇನ್ನೊಂದು ಹಣ್ಣು ಉರುಳಿಸಿಕೊಂಡು ಬಂದು, "ಆ ಕೊಬ್ಬರಿ ಎಣ್ಣೆ ಬಟ್ಲು ಎಲ್ಲಿಟ್ಟಿದೀಯೆ?" ಎಂದು ಸೊಸೆಯನ್ನು ಕೂಗಿದರು.